ನೂರಾ ಹತ್ತು ಸೆಕೆಂಡು

ಸುಂಕಸಾಳ
9 ಸೆಪ್ಟೆಂಬರ್ 2024

ಬೀರಾ,

ಕಣ್ಣು ಉಜ್ಜಿಕೊಳ್ಳಬೇಡ, ನಾನೇ, ಗಜಾನನ ಹೆಗಡೆ. ನಿನ್ನ ಜೊತೆ ಒಂದೇ ದಿನ ಡೀಸೆಲ್ ಶೆಡ್ಡಿಗೆ ಸೇರಿ, ಮೂವತ್ತೆರಡು ವರ್ಷ ಒಂದೇ ಡಬ್ಬಿಯ ಗ್ರೀಸಿನಲ್ಲಿ ಕೈ ಅದ್ದಿದವನು. ನಿನ್ನ ಮುಖ ನೋಡದೆ ಹನ್ನೊಂದು ವರ್ಷ ಆಯಿತು. ಸುಂಕಸಾಳಕ್ಕೂ ತೋಡೂರಿಗೂ ನಡುವೆ ಇರುವುದು ಎರಡು ಬಸ್ಸು, ನಡುವೆ ಅಂಕೋಲೆಯಲ್ಲಿ ಒಂದು ಚಾ. ಆದರೂ ನೋಡು, ಕಾಶಿಗಿಂತ ದೂರವಾಗಿದೆ.

ಈ ಮಳೆಗಾಲದಲ್ಲಿ ನಿನಗೆ ಐದು ಸಲ ಫೋನು ಮಾಡಿದೆ. ಮೂರು ಸಲ ನೀನು ಎತ್ತಲಿಲ್ಲ. ಎರಡು ಸಲ ಎತ್ತಿ, ನಾನು ಹೆಸರು ಹೇಳುವಷ್ಟರಲ್ಲಿ "ಹಾಂ, ಅಡ್ಡಿಲ್ಲ, ಅಡ್ಡಿಲ್ಲ" ಎಂದು ಇಟ್ಟುಬಿಟ್ಟೆ. ನಾನು ಏನನ್ನೂ ಕೇಳುವ ಮೊದಲೇ ಅಡ್ಡಿಲ್ಲ ಎಂದರೆ ಯಾವುದಕ್ಕೆ ಅಡ್ಡಿಲ್ಲ ಮಾರಾಯ? ಸಿಟ್ಟು ಇದ್ದರೆ ನಾಲ್ಕು ಬೈದು ಇಡಬಾರದೇ? ಬೈಸಿಕೊಂಡವನಿಗೂ ಒಂದು ಸಮಾಧಾನ ಇರುತ್ತದೆ.

ಈಗ ಕೆಲಸದ ವಿಷಯ. ತಮ್ಮ ದತ್ತಾನ ಮಗಳು ಕವನಾ ಡಿಪ್ಲೊಮಾ ಓದುತ್ತಿದ್ದಾಳೆ. ಟರ್ಬೊ ಇರುವ ಡೀಸೆಲ್ ರೈಲು ಎಂಜಿನ್ನಿಗೂ ಇಲ್ಲದ್ದಕ್ಕೂ ಏನು ವ್ಯತ್ಯಾಸ ಎಂದು ಕ್ಲಾಸಿನಲ್ಲಿ ನಿಂತು ಹೇಳಬೇಕಂತೆ. ಟರ್ಬೊ ಇಲ್ಲದ್ದನ್ನು ನಾನು ಹೇಳಿಯೇನು, ಕೊನೆಯ ನಾಲ್ಕು ವರ್ಷ ಅದರ ಜೊತೆಗೇ ಸಂಸಾರ ಮಾಡಿದ್ದೇನೆ. ಟರ್ಬೊ ಎಂದರೆ ನೀನು. ಎರಡು ಹಾಳೆ ಬರೆದು ಕಳಿಸು. ಚೌತಿ ಮುಗಿದು ಎರಡು ದಿನವಾಯಿತು. ಉಂಡೆ ಹಳಸುವ ಮೊದಲು ನೀನು ಬಂದೇ ಹೇಳಿದರೂ ಆಗುತ್ತದೆ.

ಗಜಾನನ


ತೋಡೂರು
20 ಸೆಪ್ಟೆಂಬರ್ 2024

ಹೆಗಡೇರಿಗೆ,

ಕಾಗದ ತಲುಪಿತು. ಹುಡುಗಿಗೆ ಬೇಕಾದದ್ದು ಕೆಳಗಿದೆ.

ಟರ್ಬೊ ಇಲ್ಲದ ಎಂಜಿನ್ ತಾನು ಎಳೆದುಕೊಂಡಷ್ಟು ಗಾಳಿಯಲ್ಲೇ ಡೀಸೆಲ್ ಸುಡುತ್ತದೆ. ಟರ್ಬೊ ಇದ್ದರೆ, ಹೊರಗೆ ಹೋಗುವ ಬಿಸಿ ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ. ಅದೇ ಶಾಫ್ಟಿನ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುತ್ತದೆ. ಗಾಳಿ ಹೆಚ್ಚಾದರೆ ಡೀಸೆಲ್ ಹೆಚ್ಚು ಸುಡಬಹುದು, ಅಷ್ಟೇ ದೊಡ್ಡ ಎಂಜಿನ್ನಿನಿಂದ ಹೆಚ್ಚು ಜೋರು ಬರುತ್ತದೆ. ಘಟ್ಟ ಹತ್ತಲು ಇದೇ ಬೇಕು. ಕಸದಿಂದ ರಸ ಎನ್ನುವುದು ಇದಕ್ಕೇ.

ದೋಷವೂ ಉಂಟು. ಹಿಡಿ ಎಳೆದ ಕೂಡಲೇ ಜೋರು ಬರುವುದಿಲ್ಲ. ಹೊಗೆ ಬಂದು, ಚಕ್ರ ತಿರುಗಿ, ಗಾಳಿ ತುಂಬುವ ತನಕ ಎಂಜಿನ್ ಕಪ್ಪು ಹೊಗೆ ಉಗುಳುತ್ತ ಒದ್ದಾಡುತ್ತದೆ. ಬಿಸಿಯಿದ್ದಾಗ ಒಮ್ಮೆಲೇ ಬಂದ್ ಮಾಡಬಾರದು, ಟರ್ಬೊದ ಬೇರಿಂಗಿನ ಎಣ್ಣೆ ಸುಟ್ಟುಹೋಗುತ್ತದೆ.

ನಮ್ಮ ಎಂಜಿನ್ನುಗಳಲ್ಲಿ ಟರ್ಬೊಗೂ ಎಂಜಿನ್ನಿಗೂ ನಡುವೆ ಹಲ್ಲಿನ ಚಕ್ರವಿರಲಿಲ್ಲ, ಬೆಲ್ಟೂ ಇರಲಿಲ್ಲ. ಹೊಗೆಯೊಂದೇ ಸಂಬಂಧ. ಹಾಗಾಗಿ ಎಂಜಿನ್ ನಿಂತ ಮೇಲೂ ಟರ್ಬೊ ತನ್ನಷ್ಟಕ್ಕೆ ಸಿಳ್ಳೆ ಹಾಕುತ್ತ ತಿರುಗುತ್ತಿರುತ್ತದೆ. ಗಡಿಯಾರ ಹಿಡಿದು ನಿಂತು, ಆ ಸಿಳ್ಳೆ ಎಷ್ಟು ಹೊತ್ತಿಗೆ ನಿಲ್ಲುತ್ತದೆ ಎಂದು ಕೇಳಿ ಪುಸ್ತಕದಲ್ಲಿ ಬರೆಯುವುದು ಫಿಟ್ಟರನ ಕೆಲಸ. ತೊಂಬತ್ತು ಸೆಕೆಂಡಿನ ಮೊದಲು ನಿಂತರೆ ಬೇರಿಂಗ್ ಹೋಗಿದೆ ಎಂದು ಅರ್ಥ. ಅಂಥ ಎಂಜಿನ್ನನ್ನು ಹೊರಗೆ ಬಿಡಕೂಡದು. ಈ ಕೊನೆಯ ಸಾಲಿಗೆ ಕೆಳಗೆ ಗೆರೆ ಎಳೆದಿದ್ದೇನೆ.

ಫೋನು ಬೇಡ. ಬೇಕಿದ್ದರೆ ಕಾಗದ ಬರೆಯಿರಿ.

ಬೀರಾ ಗೌಡ


ಸುಂಕಸಾಳ
29 ಸೆಪ್ಟೆಂಬರ್ 2024

ಬೀರಾ,

ಎರಡು ಹಾಳೆಯಲ್ಲಿ ಒಂದು 'ಹೇಗಿದ್ದೀರಿ' ಇಲ್ಲ! ಶೆಡ್ಡಿನ ನೋಟೀಸು ಬೋರ್ಡೇ ಪೋಸ್ಟಿನಲ್ಲಿ ಬಂದ ಹಾಗಾಯಿತು. ನಾನು ನಿನ್ನ ಮೇಲೆ ಚಾರ್ಜ್‌ಮನ್ ಆದ ದಿನದಿಂದ ನೀನು ಹಿಡಿದ 'ನೀವು, ಹೆಗಡೇರೇ' ಇನ್ನೂ ಬಿಟ್ಟಿಲ್ಲವಲ್ಲ. ಆ ಹುದ್ದೆಯೇ ಹೋಯಿತು ಮಾರಾಯ, ನೀನು ಇನ್ನೂ ಸಲಾಮು ಹೊಡೆಯುತ್ತಿದ್ದೀಯ.

ಕವನಾಗೆ ನಾನು ಟರ್ಬೊ ಇಲ್ಲದ ಪಾಲನ್ನು ಹೇಳಿಕೊಟ್ಟೆ. ನನ್ನನ್ನು ಯಾರ್ಡಿಗೆ ಹಾಕಿದರಲ್ಲ, ಅಲ್ಲಿ ಡಬ್ಬಿ ತಳ್ಳುವ ಸಣ್ಣ ಎಂಜಿನ್ ಒಂದೇ ನನ್ನ ಪಾಲಿಗೆ ಬಂದದ್ದು. ಮೊದಲ ತಿಂಗಳು ಅದರ ಮುಖ ನೋಡಲು ಮನಸ್ಸಿರಲಿಲ್ಲ. ಆಮೇಲೆ ಬಿಡಲು ಮನಸ್ಸಾಗಲಿಲ್ಲ. ಹಿಡಿ ಎಳೆದರೆ ಆ ಗಳಿಗೆಯಲ್ಲೇ 'ಓ' ಎನ್ನುತ್ತಿತ್ತು. ಕಾಯಿಸುವುದಿಲ್ಲ, ಕಪ್ಪು ಹೊಗೆಯ ಸಿಡುಕಿಲ್ಲ. ಘಟ್ಟ ಹತ್ತಿಸಲು ಹೋದರೆ ಸತ್ತೇ ಹೋಗುತ್ತದೆ, ಅದು ಬೇರೆ ಮಾತು. ಹಾಸಿಗೆ ಇದ್ದಷ್ಟು ಕಾಲು ಚಾಚುವ ಜಾತಿ. ಬಂದ್ ಮಾಡಿದರೆ ಎರಡು ಸಲ ಕೆಮ್ಮಿ ನಿಂತುಬಿಡುತ್ತಿತ್ತು, ಸಿಳ್ಳೆಯಿಲ್ಲ, ಗಡಿಯಾರ ಹಿಡಿದು ನಿಲ್ಲುವುದಿಲ್ಲ. ಅದು ನಿಂತ ಮೇಲೆ ಯಾರ್ಡಿನಲ್ಲಿ ಉಳಿಯುವ ಮೌನ ಮಾತ್ರ ನನಗೆ ಆಗುತ್ತಿರಲಿಲ್ಲ. ಮಾತಿಗೆ ಒಬ್ಬರಿಲ್ಲ. ನಿನ್ನ ನೆನಪು ಬರುತ್ತಿತ್ತು, ಸುಳ್ಳೇಕೆ ಹೇಳಲಿ.

ಆ ಗೆರೆ ಯಾರಿಗೆ ಬೀರಾ? ಕವನಾಗೆ ಅಲ್ಲ ಎಂದು ನನಗೆ ಗೊತ್ತು. 2013ರಲ್ಲಿ ಘಟ್ಟದಲ್ಲಿ ಟರ್ಬೊ ಒಡೆದು ಬೆಂಕಿ ಬಂದು, ಸಹಾಯಕ ಚಾಲಕ ಕುಪ್ಪನ ಎಡಗೈ ಸುಟ್ಟಿತಲ್ಲ, ಆ ಎಂಜಿನ್ನಿನ ಸಿಳ್ಳೆ ಎಣಿಸಿದವನು ನಾನೇ, ನೀನು ನಾನು ಹೇಳಿದ್ದನ್ನು ಬರೆದು ಸಹಿ ಹಾಕಿದೆ ಅಷ್ಟೇ ಎಂದು ವಿಚಾರಣೆಯಲ್ಲಿ ಬರೆದುಕೊಟ್ಟೆ. ಶಿಕ್ಷೆ ತಿಂದೆ. ಇನ್ನೂ ಗೆರೆ ಎಳೆದು ತೋರಿಸಬೇಕೇ? ಸಿಟ್ಟಿದ್ದರೆ ನೇರ ಹೇಳು.

ಸಣ್ಣ ಕೆಮ್ಮು ಬಿಟ್ಟರೆ ನಾನು ಗಟ್ಟಿ.

ಗಜಾನನ


ತೋಡೂರು
4 ನವೆಂಬರ್ 2024

ಹೆಗಡೇರಿಗೆ,

ಒಂದು ತಿಂಗಳು ಬರೆಯಲಿಲ್ಲ. ನಾಲ್ಕು ಸಲ ಬರೆದು ಹರಿದೆ.

ದೀಪಾವಳಿಗೆ ಮನೆ ತುಂಬ ಜನ. ಮಗ ಸುನಿಲ, ಸೊಸೆ ವೀಣಾ, ಅವಳ ತವರಿನವರು. ಎಂಟು ಜನ ಕೂತು ಉಣ್ಣುವಾಗ ಒಬ್ಬರು ಏನೋ ಹೇಳುತ್ತಾರೆ, ಎಲ್ಲರೂ ನಗುತ್ತಾರೆ. ನಾನೂ ನಗುತ್ತೇನೆ, ಒಂದು ಗಳಿಗೆ ತಡವಾಗಿ, ಟರ್ಬೊ ಎಂಜಿನ್ನಿನ ಹಾಗೆ. ನನಗೆ ಕಿವಿ ಕೇಳುವುದಿಲ್ಲ ಹೆಗಡೇರೇ. ಎರಡು ವರ್ಷದಿಂದ ಮಾತೂ ಕೇಳುವುದಿಲ್ಲ. ಫೋನಿನಲ್ಲಿ ಗುಂಯ್ ಎನ್ನುವುದಷ್ಟೇ, ಅದಕ್ಕೇ ಯಾರಿಗಾದರೂ ಅಡ್ಡಿಲ್ಲ ಎಂದು ಇಟ್ಟುಬಿಡುವುದು. ನೀವು ಮಾಡಿದ್ದು ಎಂದು ನಿಮ್ಮ ಕಾಗದ ನೋಡಿ ತಿಳಿಯಿತು. ಕಿವಿ ಮಂದವಾಗುತ್ತಿದೆ ಎಂದು ಹೆಂಡತಿ ದೇವಿಗೆ ಮೊದಲೇ ಗೊತ್ತಿತ್ತು, ಎದುರು ಬಂದು ನಿಂತು ಮಾತಾಡುತ್ತಿದ್ದಳು. ಅವಳು ಹೋಗಿ ಮೂರು ವರ್ಷ. ಮನೆಯವರು ನನಗೆ ಸೊಕ್ಕು ಎಂದುಕೊಂಡಿದ್ದಾರೆ. ಎಂದುಕೊಳ್ಳಲಿ ಎಂದು ಬಿಟ್ಟಿದ್ದೇನೆ. ಕಿವುಡ ಅನ್ನಿಸಿಕೊಳ್ಳುವುದಕ್ಕಿಂತ ಅದು ವಾಸಿ ಅನ್ನಿಸಿತ್ತು.

ಗೆರೆ ನನಗೇ ಎಳೆದುಕೊಂಡದ್ದು. ಇದು ಶೆಡ್ಡಿನಲ್ಲೇ ಶುರುವಾಗಿತ್ತು. 2010ರಿಂದಲೇ ಆ ಸಣ್ಣ ಸಿಳ್ಳೆ ನನಗೆ ಕೇಳುತ್ತಿರಲಿಲ್ಲ. ಮಾತು ಕೇಳುತ್ತಿತ್ತು, ಎಂಜಿನ್ ಕೇಳುತ್ತಿತ್ತು, ಅದೊಂದು ಇಲ್ಲ. ಹೇಳಿದ್ದರೆ ಡಾಕ್ಟರ ಹತ್ತಿರ ಕಳಿಸಿ ಫಿಟ್ಟರ್ ಕೆಲಸದಿಂದ ತೆಗೆದು ಗೇಟಿನಲ್ಲಿ ಕೂರಿಸುತ್ತಿದ್ದರು. ಟರ್ಬೊ ಬಿಟ್ಟರೆ ನನಗೆ ಬೇರೆ ಏನೂ ಬರುತ್ತಿರಲಿಲ್ಲ.

ನಿಮ್ಮದೊಂದು ಚಾಳಿ ಇತ್ತು. ಸಿಳ್ಳೆ ನಿಂತ ಕೂಡಲೇ ನೀಲಿ ಟೋಪಿ ತೆಗೆದು ಹಣೆ ಒರೆಸಿಕೊಳ್ಳುತ್ತಿದ್ದಿರಿ. ಬೇರೆಯವರು ಬರೆದ ಲೆಕ್ಕದ ಜೊತೆ ತಾಳೆ ನೋಡಿದೆ, ಒಂದು ಸೆಕೆಂಡೂ ತಪ್ಪುತ್ತಿರಲಿಲ್ಲ. ಮೂರು ವರ್ಷ ನಾನು ಟರ್ಬೊ ಕೇಳಲಿಲ್ಲ, ನಿಮ್ಮ ಟೋಪಿ ನೋಡಿದೆ. ನಿಮಗೆ ಗೊತ್ತಾಗದ ಹಾಗೆ ಕದ್ದು ನೋಡಿದೆ. ಆ ದಿನವೂ ನೋಡಿದೆ. ನೀವು ದೂರದಲ್ಲಿ ಫೋನು ಹಿಡಿದು ನಿಂತಿದ್ದಿರಿ. ಟೋಪಿ ನೂರಾ ಹತ್ತಕ್ಕೆ ಇಳಿಯಿತು. ನೂರಾ ಹತ್ತು ಎಂದು ಬರೆದು ಸಹಿ ಹಾಕಿದೆ.

ತಪ್ಪು ಹೊತ್ತುಕೊಂಡು ಯಾರ್ಡಿಗೆ ನೀವು ಹೋದಿರಿ. ಕುಪ್ಪನ ಕೈ ಸುಟ್ಟವನು ನಾನು. ಆ ಮೇಲೆ ನಿಮ್ಮೆದುರು ಬಂದು ನಿಲ್ಲಲು ನನಗೆ ಮುಖವಿರಲಿಲ್ಲ. ಕ್ಷಮಿಸಿ ಎಂದು ಬರೆಯಲು ಹನ್ನೊಂದು ವರ್ಷ ಹಿಡಿಯಿತು.

ಬೀರಾ ಗೌಡ


ಸುಂಕಸಾಳ
27 ನವೆಂಬರ್ 2024

ಬೀರಾ,

ನಿನ್ನ ಕಾಗದ ಓದಿ ಮನೆಯಾಕೆ ಶರಾವತಿಯ ಎದುರು ಕೂತು ಅತ್ತೆ. ಎಪ್ಪತ್ತಕ್ಕೆ ಮೂರು ಕಡಿಮೆ ಇರುವ ಗಂಡ ಹೀಗೆ ಅತ್ತರೆ ಹೆಂಡತಿ ಏನು ಮಾಡಬೇಕು? ಚಾ ಕೊಟ್ಟಳು. ಕವನಾಳ ಕೆಲಸ ಸೆಪ್ಟೆಂಬರಿನಲ್ಲೇ ಮುಗಿದಿತ್ತು, ನಿನ್ನ ಕಾಗದ ಬರುವ ಮೊದಲೇ. ಅದು ನೆಪ. ಈಗ ನೆಪ ಸಾಕು.

ಅದು ಚಾಳಿ ಅಲ್ಲ, ಬೀರಾ. ನಾನು ಟೋಪಿ ತೆಗೆಯುತ್ತಿದ್ದದ್ದು ನಿನಗಾಗಿಯೇ.

ಒಂದು ದಿನ ಸಿಳ್ಳೆ ನಿಂತು ಹತ್ತು ಸೆಕೆಂಡಾದರೂ ನೀನು ತಲೆ ಓರೆ ಮಾಡಿ ಕೇಳುತ್ತಲೇ ಇದ್ದೆ. ಆಗಲೇ ತಿಳಿಯಿತು. ಕೇಳಿದರೆ ನೀನು ಒಪ್ಪುತ್ತಿರಲಿಲ್ಲ, ಮರುದಿನದಿಂದ ನನ್ನ ಜೊತೆ ಮಾತೂ ಬಿಡುತ್ತಿದ್ದೆ. ಅದಕ್ಕೇ ಟೋಪಿ. ನೀನು ಕದ್ದು ನೋಡುತ್ತಿದ್ದೀ ಎಂದು ನನಗೆ ಗೊತ್ತಿತ್ತು. ಕದಿಯಲಿ ಎಂದು ಬಾಗಿಲು ತೆರೆದಿಟ್ಟವನು ನಾನು.

ಆ ದಿನದ ಫೋನು ದತ್ತಾನದು. ನಾನು ಹಲೋ ಎನ್ನುವಾಗ ಎಂಜಿನ್ ನಿಂತಿತು. ಅರ್ಧ ನಿಮಿಷಕ್ಕೆ ಸಿಳ್ಳೆಯೂ ನಿಂತಿತು, ಈ ಕಿವಿಯಲ್ಲಿ ಕೇಳಿದ್ದೇನೆ. ಆದರೆ ಆ ಕಿವಿಯಲ್ಲಿ ದತ್ತಾ ಅಳುತ್ತಿದ್ದ. ಒಂದು ನಿಮಿಷಕ್ಕೂ ಮೇಲೆ ಅತ್ತು, "ಅಣ್ಣಾ, ಆಯಿ ಹೋತು" ಎಂದ. ನಾನು ಟೋಪಿ ತೆಗೆದೆ. ತಾಯಿ ಸತ್ತ ಸುದ್ದಿಗೆ ತೆಗೆದ ಟೋಪಿ ಅದು. ನೀನು ಗಡಿಯಾರ ನೋಡಿ ಬರೆದದ್ದು ಕಂಡಿತು, ತಲೆಗೆ ಹೋಗಲಿಲ್ಲ. ಅಲ್ಲಿಂದಲೇ ಬಸ್ಸು ಹತ್ತಿದೆ.

ಇಲ್ಲಿಯ ತನಕ ಆದದ್ದು ದೈವದ ಆಟ ಎನ್ನಬಹುದು. ಮುಂದಿನದು ಹಾಗಲ್ಲ. ಮೂರನೆಯ ದಿನ ಗಂಗಾವಳಿ ಹೊಳೆಯಲ್ಲಿ ಮುಳುಗಿ ಎದ್ದಾಗ ಎಲ್ಲ ಒಮ್ಮೆಲೇ ನೆನಪಾಯಿತು, ಅರ್ಧ ನಿಮಿಷದ ಸಿಳ್ಳೆ, ನನ್ನ ಟೋಪಿ, ನಿನ್ನ ಪೆನ್ನು. ಫೋನು ದಡದಲ್ಲಿ ಪಂಚೆಯ ಮೇಲೆ ಇತ್ತು. ಶೆಡ್ಡಿಗೆ ಮಾಡಿದರೆ ಏನು ಹೇಳುವುದು? ಬೀರನಿಗೆ ಕೇಳುವುದಿಲ್ಲ ಎಂದೇ? ನಾಳೆ ನಿನಗೊಬ್ಬನಿಗೇ ಮಾಡಿ ಹೇಳೋಣ ಎಂದುಕೊಂಡೆ. ಸೂತಕದ ಗಡಿಬಿಡಿ ಎಂದು ನನಗೆ ನಾನೇ ಹೇಳಿಕೊಂಡೆ. ಆ ನಾಳೆಯ ಬೆಳಿಗ್ಗೆಯೇ ಟರ್ಬೊ ಒಡೆಯಿತು.

ಅದಕ್ಕೇ ತಪ್ಪು ನನ್ನದು ಎಂದು ಬರೆದುಕೊಟ್ಟದ್ದು. ಅದು ದೊಡ್ಡತನ ಅಲ್ಲ, ನಿಜ. ನೀನು ಎಲ್ಲ ತಿಳಿದು ಸಿಟ್ಟಿನಲ್ಲಿ ದೂರವಾದೆ ಎಂದು ನಾನು ತಿಳಿದುಕೊಂಡೆ. ನೋಡು ನಮ್ಮ ಜಾಣತನ.

ಗಜಾನನ


ತೋಡೂರು
8 ಡಿಸೆಂಬರ್ 2024

ಗಜಾನನ,

ನಿನಗೆ ಗೊತ್ತಿತ್ತು. ಹನ್ನೊಂದು ವರ್ಷ ಗೊತ್ತಿತ್ತು.

ಕುಪ್ಪನ ಮನೆ ಚಿತ್ತಾಕುಲದಲ್ಲಿ. ವರ್ಷಕ್ಕೊಮ್ಮೆ ಹೋಗಿ ಬರುತ್ತೇನೆ, ಹಣ್ಣು ಇಟ್ಟು ಬರುತ್ತೇನೆ. ಅವನ ಹೆಂಡತಿ ಚಾ ಕೊಡುತ್ತಾಳೆ, ಅವನು ಬಲಗೈಯಲ್ಲಿ ಲೋಟ ಹಿಡಿಯುತ್ತಾನೆ. ಅವನ ಎಡಗೈಯನ್ನು ನೋಡದೆ ಚಾ ಕುಡಿಯುವುದನ್ನು ನಾನು ಕಲಿತದ್ದು ಹೇಗೆ ಎಂದು ನಿನಗೆ ಗೊತ್ತೇ? ಒಂದು ಫೋನು ಮಾಡಿದ್ದರೆ ಆಗುತ್ತಿತ್ತು. ನನ್ನ ಕಿವಿಯ ಮಾನ ಕಾಯಲು ಹೋಗಿ ನೀನು ಅವನ ಕೈ ಸುಟ್ಟೆ.

ನಿನಗೆ ತಿಳಿದಿದೆ ಎಂದು ಮೊದಲೇ ಹೇಳಿದ್ದರೆ ನಾನೇ ಹೋಗಿ ಗೇಟಿನಲ್ಲಿ ಕೂರುತ್ತಿದ್ದೆ. ಸಿಟ್ಟು ಬರುತ್ತಿತ್ತು, ಹೌದು. ಸಿಟ್ಟು ಇಳಿಯುತ್ತದೆ. ಕೈ ಮತ್ತೆ ಬರುವುದಿಲ್ಲ.

ಇನ್ನು ಬರೆಯಬೇಡ.

ಬೀರಾ


ಸುಂಕಸಾಳ
20 ಜನವರಿ 2025

ಬೀರಾ,

ಬರೆಯಬೇಡ ಎಂದೆ, ಆದರೂ ಬರೆಯುತ್ತಿದ್ದೇನೆ. ಬೈದೆಯಲ್ಲ, ಅದಕ್ಕೆ. 'ನೀನು' ಎಂದೆಯಲ್ಲ, ಅದಕ್ಕೂ. ನೀನು ಬರೆದದ್ದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಕಳೆದ ವಾರ ಕುಪ್ಪನಿಗೆ ಕಾಗದ ಹಾಕಿದ್ದೇನೆ, ಎಲ್ಲ ಬರೆದು. ಟೋಪಿಯದೂ, ಫೋನಿನದೂ.

ಆ ಸಣ್ಣ ಕೆಮ್ಮು ಸ್ವಲ್ಪ ಹೆಚ್ಚಾಗಿದೆ. ನನಗೂ ಟರ್ಬೊ ಕೂರಿಸಿದ್ದಾರೆ ಮಾರಾಯ, ಮೂಗಿಗೆ ನಳಿಗೆ ಇಟ್ಟು ಗಾಳಿ ತಳ್ಳುವ ಪೆಟ್ಟಿಗೆ. ದಿನಕ್ಕೆ ಸ್ವಲ್ಪ ಹೊತ್ತು, ಅಷ್ಟೇ. ಹೆದರಬೇಡ.

ಫೆಬ್ರವರಿ ಎರಡಕ್ಕೆ ಅಂಕೋಲಾ ಸ್ಟೇಷನ್ನಿಗೆ ಜಲ್ಲಿ ತುಂಬಿದ ಗಾಡಿ ಬರುತ್ತದೆ ಎಂದು ಅಲ್ಲಿ ಕೆಲಸ ಮಾಡುವ ಮಾಬ್ಲೇಶ್ವರ ಹೇಳಿದ. ಕರೆಂಟು ಬಂದ ಮೇಲೆ ಈ ದಾರಿಯಲ್ಲಿ ಡೀಸೆಲ್ ಕಾಣುವುದೇ ಅಪರೂಪ. ಇದು ನಮ್ಮ ಹಳೆಯ ಜಾತಿಯದೇ ಅಂತೆ. ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಪಕ್ಕದ ಲೈನಿಗೆ ಹಾಕಿ ಬಂದ್ ಮಾಡುತ್ತಾರೆ.

ನೀನು ಗಡಿಯಾರ ತಾ. ನಾನು ಟೋಪಿ ತರುತ್ತೇನೆ. ಒಂದು ಸಲ ಸರಿಯಾಗಿ ಎಣಿಸೋಣ.

ಗಜಾನನ


ಕಾರವಾರ
3 ಫೆಬ್ರವರಿ 2025

ಬೀರಾ ಗೌಡರಿಗೆ ನಮಸ್ಕಾರ.

ನಾನು ಶರಾವತಿ, ಅವರ ಹೆಂಡತಿ. ಮೊನ್ನೆ ಒಂದನೆಯ ತಾರೀಖಿಗೆ ಇವರಿಗೆ ಉಸಿರು ಕಟ್ಟಿ ಕಾರವಾರದ ಆಸ್ಪತ್ರೆಗೆ ತಂದಿದ್ದೇವೆ. ಪುಪ್ಪುಸ ಕೆಟ್ಟಿದೆ ಎಂದು ಡಾಕ್ಟರು ಜೂನಿನಲ್ಲೇ ಹೇಳಿದ್ದರು. ನಿಮಗೆ ಫೋನು ಮಾಡಲು ಇವರು ಶುರು ಮಾಡಿದ್ದು ಅದರ ಮರುದಿನದಿಂದ. ನಿಮಗೆ ತಿಳಿಸಬೇಡ ಎಂದು ಆಣೆ ಹಾಕಿಸಿದ್ದರು.

ಉಸಿರಿಗೆಂದು ಮುಖಕ್ಕೆ ಮುಚ್ಚಳ ಹಾಕಿದ್ದಾರೆ, ಮಾತಿಲ್ಲ. ಹಾಕುವ ಮೊದಲು ಎರಡೇ ಮಾತು ಆಡಿದರು. "ಟೊಪ್ಪಿ ಎಲ್ಲಿದ್ದು? ಬೀರ ಕಾಯ್ತಾ ಇರ್ತ." ಟೋಪಿ ನನ್ನ ಚೀಲದಲ್ಲಿದೆ. ಹನ್ನೆರಡನೆಯ ತಾರೀಖು ಬುಧವಾರ ವಾರ್ಡಿಗೆ ತರಬಹುದು ಎಂದಿದ್ದಾರೆ. ಅಲ್ಲಿಯವರೆಗೆ ಮನೆಯವರನ್ನು ಬಿಟ್ಟು ಯಾರನ್ನೂ ಒಳಗೆ ಬಿಡುವುದಿಲ್ಲ.

ಶರಾವತಿ


ತೋಡೂರು
10 ಫೆಬ್ರವರಿ 2025

ಗಜಾನನ,

ನನ್ನನ್ನು ಒಳಗೆ ಬಿಡುವುದಿಲ್ಲ, ಕಾಗದವನ್ನು ಬಿಡುತ್ತಾರೆ. ಸುನಿಲನ ಕೈಯಲ್ಲಿ ಕಳಿಸುತ್ತಿದ್ದೇನೆ. ಶರಾವತಿ ಅಮ್ಮ ಓದಿ ಹೇಳಲಿ. ನಿನ್ನ ಕಿವಿಗೆ ಏನೂ ಆಗಿಲ್ಲವಲ್ಲ.

ಎರಡನೆಯ ತಾರೀಖು ನಾನು ಹತ್ತಕ್ಕೇ ಅಂಕೋಲಾ ಸ್ಟೇಷನ್ನಿನಲ್ಲಿದ್ದೆ. ಸಿಟ್ಟು ಪೂರ್ತಿ ಇಳಿದಿರಲಿಲ್ಲ, ನಿನ್ನ ಎದುರು ನಿಂತು ಉಳಿದದ್ದನ್ನು ಬೈಯೋಣ ಎಂದು ಬಂದಿದ್ದೆ. ಗಾಡಿ ಹನ್ನೊಂದೂ ಕಾಲಿಗೆ ಬಂತು. ಮೂತಿಗೆ ಜಂಗು ಹಿಡಿದಿದೆ, ಆದರೂ ನಮ್ಮದೇ. ಹತ್ತಿರ ಹೋಗಿ ನಿಂತೆ. ನೆಲದ ನಡುಕ ಅಂಗಾಲಿಗೆ ತಿಳಿಯಿತು, ಆಮೇಲೆ ನಡುಕ ನಿಂತಿತು. ಎಂಜಿನ್ ಬಂದಾಯಿತು ಎಂದು ಗಡಿಯಾರ ನೋಡಿದೆ. ಟರ್ಬೊ ತಿರುಗುತ್ತಿರುವ ಹೊತ್ತು ಅದು. ತಿರುಗಿ ಗೇಟಿನ ಕಡೆ ನೋಡಿದೆ. ತೊಂಬತ್ತಾಯಿತು, ನೂರಾ ಹತ್ತಾಯಿತು. ನೀಲಿ ಟೋಪಿ ಎಲ್ಲೂ ಕಾಣಲಿಲ್ಲ. ನೀನು ಬೇಕೆಂದೇ ಬರಲಿಲ್ಲ ಎಂದುಕೊಂಡೆ. ನನ್ನ ಕಾಗದಕ್ಕೆ ತಕ್ಕ ಉತ್ತರ ಎಂದುಕೊಂಡೆ. ಆದರೂ ಹೋಗಲು ಕಾಲು ಬರಲಿಲ್ಲ. ಚಾಲಕ ಇಳಿದು ಬಂದು ಏನೋ ಕೇಳಿದ, ಅಡ್ಡಿಲ್ಲ ಎಂದೆ. ಒಂದು ಗಂಟೆಯ ತನಕ ನಿಂತೇ ಇದ್ದೆ. ಅಷ್ಟು ಒಂಟಿ ಅನ್ನಿಸಿದ್ದು ದೇವಿ ಹೋದ ದಿನವೂ ಇಲ್ಲ.

ಶರಾವತಿ ಅಮ್ಮನ ಕಾಗದ ಮೊನ್ನೆ ಬಂತು. ಐದು ದಿನ ಹಿಡಿಯಿತು, ಕಾರವಾರದಿಂದ ತೋಡೂರಿಗೆ. ಓದಿ ನಾನು ಅಂಗಳದಲ್ಲೇ ಕುಸಿದು ಕೂತೆ. ವೀಣಾ ಓಡಿ ಬಂದಳು, ಅವಳ ಬಾಯಿ ಆಡುತ್ತಿತ್ತು. ಆಗ ಹೇಳಿಬಿಟ್ಟೆ, ನನಗೆ ಕೇಳುವುದಿಲ್ಲ ಮಗಾ ಎಂದು. ಅವಳು ಕ್ಯಾಲೆಂಡರಿನ ಹಾಳೆ ಹರಿದು ಹಿಂದುಗಡೆ ಬರೆದು ತೋರಿಸಿದಳು. "ಮೊದ್ಲೇ ಹೇಳೂಕೆ ಎಂತಾಗಿತ್ತು ಮಾವಾ? ನಾವು ಸೊಕ್ಕು ಅಂದ್ಕಂಡಿದ್ವು." ಈಗ ಊಟಕ್ಕೆ ಕೂತಾಗ ನನ್ನ ಪಕ್ಕ ಒಂದು ಪೆನ್ಸಿಲ್ ಇರುತ್ತದೆ. ಯಾರಾದರೂ ನಕ್ಕರೆ ಯಾಕೆ ಎಂದು ಬರೆದು ಕೊಡುತ್ತಾರೆ. ನಾನು ನಗುವಷ್ಟರಲ್ಲಿ ಅವರದು ಮುಗಿದಿರುತ್ತದೆ. ಆದರೂ ನಗುತ್ತೇನೆ.

ಕುಪ್ಪನೂ ಚೀಟಿ ಕಳಿಸಿದ್ದಾನೆ. ನಿನ್ನ ಕಾಗದವನ್ನು ಮೂರು ಸಲ ಓದಿದನಂತೆ. ಇಬ್ಬರಿಗೂ ಏನು ಹೇಳಬೇಕೋ ಇನ್ನೂ ತಿಳಿದಿಲ್ಲವಂತೆ. ಅವನಿಗೆ ಬೇಕಾದಷ್ಟು ಹೊತ್ತು ಅವನು ತೆಗೆದುಕೊಳ್ಳಲಿ.

ನಾಡಿದ್ದು ಬುಧವಾರ ಬರುತ್ತೇನೆ. ನಿನಗೆ ಮಾತಿಲ್ಲ, ನನಗೆ ಕಿವಿಯಿಲ್ಲ. ಜಗಳ ಆಡಲು ಇನ್ನೇನು ಬೇಕು? ಒಂದೇ ಕೆಲಸ ನಿನಗೆ. ಚೀಲದಿಂದ ಆ ನೀಲಿ ಟೋಪಿ ತೆಗೆಸಿ ತಲೆಗೆ ಇಡಿಸಿಕೊ. ನರ್ಸುಗಳು ನಕ್ಕರೆ ನಗಲಿ. ಅಂಕೋಲೆಯಲ್ಲಿ ಟೋಪಿ ಇಳಿದದ್ದನ್ನು ನಾನು ನೋಡಿಲ್ಲ, ಹಾಗಾಗಿ ಆ ಸಿಳ್ಳೆ ನನ್ನ ಪುಸ್ತಕದಲ್ಲಿ ಇನ್ನೂ ನಿಂತಿಲ್ಲ. ವಾರ್ಡಿನ ಬಾಗಿಲಲ್ಲಿ ನಿಂತು ನಾನು ಮೊದಲು ನೋಡುವುದು ನಿನ್ನ ತಲೆಯನ್ನೇ. ಸೆಕೆಯಾದರೂ ಸರಿ, ಯಾರ ಫೋನು ಬಂದರೂ ಸರಿ, ನಾನು ಬರುವ ತನಕ ತೆಗೆಯಬೇಡ.

ಬೀರಾ